ಬಾಲಿಯಲ್ಲಿ ಮನೆಮಂದಿಗೆಲ್ಲ ಒಂದು ವಿಲ್ಲಾ: ಬಾಡಿಗೆ ಮನೆ ನೋಡುವ ಕಣ್ಣಲ್ಲೇ ನೋಡಿ

ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೊರಟರೆ ನಾವು ಏನೇನು ಕೇಳುತ್ತೇವೆ? ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಸಂಪು ಎಷ್ಟು ದೊಡ್ಡದು, ಬೋರ್ ಇದೆಯಾ, ಮೆಟ್ಟಿಲು ಎಷ್ಟು, ಅಡುಗೆಮನೆಗೆ ಗಾಳಿ ಬೆಳಕು ಹೇಗೆ, ಪಕ್ಕದ ಖಾಲಿ ಸೈಟಿನಲ್ಲಿ ಯಾರಾದರೂ ಕಟ್ಟಡ ಶುರು ಮಾಡುತ್ತಾರಾ, ಅಡ್ವಾನ್ಸ್ ವಾಪಸ್ ಕೊಡುವಾಗ ಓನರ್ ತಕರಾರು ತೆಗೆಯುತ್ತಾರಾ. ಎಸ್‌ಐಟಿ ಬಡಾವಣೆಯ ಎರಡು ಬೆಡ್‌ರೂಮಿನ ಮನೆಗೆ ಇಷ್ಟೆಲ್ಲ ವಿಚಾರಿಸುತ್ತೇವೆ. ಸಮುದ್ರದಾಚೆ, ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಇಡೀ ಮನೆಯನ್ನೇ, ಅಂದರೆ ಒಂದು ವಿಲ್ಲಾವನ್ನು, ಬಾಡಿಗೆಗೆ ಹಿಡಿದು ಒಂದು ವಾರಕ್ಕೆ ಲಕ್ಷ ರೂಪಾಯಿ ಕೊಡುವಾಗ ಮಾತ್ರ ಈಜುಕೊಳದ ಒಂದು ಫೋಟೊ ನೋಡಿ ಬುಕ್ ಮಾಡಿಬಿಡುತ್ತೇವೆ.

ನಾನೂ ಮೊದಲ ಸಲ ಹಾಗೇ ಮಾಡಿದೆ. ನಾವು ಒಂಬತ್ತು ಜನ: ಅಪ್ಪ, ಅಮ್ಮ, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ನಾವಿಬ್ಬರು, ಮೂರು ವರ್ಷದ ನಮ್ಮ ಮಗಳು. ಫೋಟೊದಲ್ಲಿ ಹಸಿರು ಗದ್ದೆ, ನೀಲಿ ನೀರು ಕಾಣುತ್ತಿತ್ತು. ಹೋಗಿ ನೋಡಿದರೆ ಮಲಗುವ ಕೋಣೆಗಳೆಲ್ಲ ಮಹಡಿ ಮೇಲೆ. ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಕಂಬಿ ಕೂಡ ಇಲ್ಲ. ಅಪ್ಪನಿಗೆ ಮಂಡಿ ನೋವು. ನಾಲ್ಕು ರಾತ್ರಿ ಅವರು ಕೆಳಗೆ ಹಾಲಿನ ಸೋಫಾ ಮೇಲೆ ಮಲಗಿದರು. ಆ ಹಾಲಿಗೆ ಮೂರು ಕಡೆ ಗೋಡೆಯೇ ಇರಲಿಲ್ಲ, ರಾತ್ರಿಯೆಲ್ಲ ಸೊಳ್ಳೆ. ಹಾಲಿನಿಂದ ನಾಲ್ಕು ಹೆಜ್ಜೆಗೆ ಈಜುಕೊಳ, ಸುತ್ತ ಬೇಲಿ ಇಲ್ಲ. ಅಮ್ಮ ಹಗಲೆಲ್ಲ ಮಗುವಿನ ಹಿಂದೆಯೇ ಓಡಾಡಿದರು. "ನನಗೆ ಗದ್ದೆ ಬೇಡಪ್ಪ, ನಮ್ಮೂರಲ್ಲೇ ಇದೆ. ನಿಮ್ಮಪ್ಪನಿಗೆ ಒಂದು ಮಂಚ ಸಿಕ್ಕಿದ್ದರೆ ಸಾಕಿತ್ತು" ಅಂದರು. ಆ ಮಾತು ನನಗೆ ತುಂಬಾ ನಾಟಿತು. ಎರಡನೇ ಸಲ ಅದೇ ಒಂಬತ್ತು ಜನ ಹೋದೆವು. ಆಗ ಮನೆ ಆರಿಸುವ ಮುಂಚೆ ಅಪ್ಪನ ಮಂಡಿಯನ್ನೂ ಮಗಳ ವಯಸ್ಸನ್ನೂ ಲೆಕ್ಕಕ್ಕೆ ಇಟ್ಟುಕೊಂಡೆ. ಆ ವಾರ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿದರು. ಎರಡೂ ಪ್ರವಾಸದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನ ಗೊತ್ತು ಮಾಡಿ

ಬಾಲಿಯಲ್ಲಿ ಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಕಾಲ, ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಜುಲೈ, ಆಗಸ್ಟ್ ಮತ್ತು ಕ್ರಿಸ್‌ಮಸ್ ಹೊತ್ತಿನಲ್ಲಿ ಜನ ಜಾಸ್ತಿ, ಬಾಡಿಗೆಯೂ ಜಾಸ್ತಿ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತದೆ, ಅಲ್ವಾ? ಆಗ ಅಲ್ಲಿ ಮಳೆ ಮುಗಿದಿರುತ್ತದೆ, ಗದ್ದಲ ಇನ್ನೂ ಶುರುವಾಗಿರುವುದಿಲ್ಲ. ನನ್ನ ಮಟ್ಟಿಗೆ ಮೇ ಮೊದಲ ಎರಡು ವಾರಕ್ಕಿಂತ ಒಳ್ಳೆಯ ಕಾಲ ಇಲ್ಲ. ದಸರಾ ರಜೆಯೂ ಪರವಾಗಿಲ್ಲ.

ಯುಗಾದಿಗೆ ಮಾತ್ರ ಹೊರಡಬೇಡಿ. ಬಾಲಿಯವರೂ ನಮ್ಮ ಹಾಗೇ ಶಕ ವರ್ಷ ಎಣಿಸುತ್ತಾರೆ. ಅವರ ಹೊಸ ವರ್ಷದ ದಿನ ನ್ಯೇಪಿ, ಅದು ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. 2026ರಲ್ಲಿ ಎರಡೂ ಮಾರ್ಚ್ 19ಕ್ಕೇ ಬಿದ್ದವು. ನ್ಯೇಪಿ ಅಂದರೆ ಪೂರ್ತಿ ಮೌನದ ದಿನ. ವಿಮಾನ ನಿಲ್ದಾಣವನ್ನೇ 24 ಗಂಟೆ ಮುಚ್ಚುತ್ತಾರೆ. ಬೀದಿಗೆ ಯಾರೂ ಇಳಿಯುವಂತಿಲ್ಲ, ರಾತ್ರಿ ದೀಪ ಹೊರಗೆ ಕಾಣಬಾರದು. ಪ್ರವಾಸಿಗಳಿಗೂ ಇದೇ ನಿಯಮ. ಒಂದು ಇಡೀ ದ್ವೀಪ ಸುಮ್ಮನಾಗುವುದು ದೊಡ್ಡ ವಿಷಯವೇ. ಆದರೆ ಐದು ದಿನದ ಪ್ರವಾಸದಲ್ಲಿ ಒಂದು ದಿನ ಒಳಗೇ ಕೂರಲು ಮಕ್ಕಳು ತಯಾರಿರಬೇಕು.

ಊರು ಆರಿಸುವುದು

ಬಾಲಿಗೆ ಹೋಗುತ್ತೇವೆ ಅಂದರೆ ಸಾಲದು, ಬಾಲಿಯಲ್ಲಿ ಎಲ್ಲಿ ಅನ್ನುವುದು ಮುಖ್ಯ. ಸೆಮಿನ್ಯಾಕ್, ಚಾಂಗು ಕಡೆ ಅಂಗಡಿ, ಹೋಟೆಲು, ಯುವಕರ ಓಡಾಟ. ಆದರೆ ಅಲ್ಲಿನ ಪಶ್ಚಿಮ ಕರಾವಳಿಯಲ್ಲಿ ಅಲೆ ದೊಡ್ಡದು, ನೀರಿನ ಸೆಳೆತವೂ ಜೋರು. ಉಬುದ್ ಒಳನಾಡು. ಗದ್ದೆ, ಕಾಡು, ದೇವಸ್ಥಾನ, ತಂಪು. ವಿಮಾನ ನಿಲ್ದಾಣದಿಂದ ಒಂದೂವರೆ ಗಂಟೆಯಾದರೂ ಬೇಕು. ಸನೂರ್ ಮತ್ತು ನುಸಾ ದುವಾ ಪೂರ್ವದ ಕಡೆ ಇವೆ. ಹವಳದ ದಿಬ್ಬ ಅಡ್ಡ ಇರುವುದರಿಂದ ದಡದ ಹತ್ತಿರ ನೀರು ಶಾಂತವಾಗಿರುತ್ತದೆ.

ಮನೆಯಲ್ಲಿ ವಯಸ್ಸಾದವರು ಮತ್ತು ಚಿಕ್ಕ ಮಕ್ಕಳು ಇಬ್ಬರೂ ಇದ್ದರೆ ನಾನು ಕಣ್ಣು ಮುಚ್ಚಿ ಸನೂರ್ ಅನ್ನುತ್ತೇನೆ. ಸಮುದ್ರದ ಪಕ್ಕದಲ್ಲೇ ಕಿಲೋಮೀಟರ್‌ಗಟ್ಟಲೆ ಸಮತಟ್ಟಾದ ಕಾಲುದಾರಿ ಇದೆ. ಅಪ್ಪ ದಿನಾ ಬೆಳಗ್ಗೆ ಅಲ್ಲಿ ನಡೆದು, ಸೂರ್ಯ ಹುಟ್ಟುವುದನ್ನು ನೋಡಿ ಬರುತ್ತಿದ್ದರು. ವಿಮಾನ ನಿಲ್ದಾಣದಿಂದ ಸುಮಾರು 15 ಕಿ.ಮೀ. ಅಷ್ಟೇ. ಉಬುದ್ ನೋಡಬೇಕಾದರೆ ಒಂದು ದಿನ ಕಾರಿನಲ್ಲಿ ಹೋಗಿ ಬಂದರಾಯಿತು. ಎರಡು ಊರಿನಲ್ಲಿ ಎರಡು ವಿಲ್ಲಾ ಹಿಡಿಯಬೇಡಿ. ಒಂಬತ್ತು ಜನರ ಚೀಲ ಕಟ್ಟಿ ಬಿಚ್ಚುವುದರಲ್ಲೇ ಒಂದು ದಿನ ಕಳೆದುಹೋಗುತ್ತದೆ.

ಮನೆ ನೋಡುವುದು

ಇಲ್ಲಿ ಅವಸರ ಮಾಡಬೇಡಿ. ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್‌ನಂಥ ಬುಕಿಂಗ್ ತಾಣಗಳಲ್ಲಿ ಮೂರು ನಾಲ್ಕು ಮನೆ ಆರಿಸಿಟ್ಟುಕೊಳ್ಳಿ. ಆಮೇಲೆ ಓನರ್‌ಗೆ ಪ್ರಶ್ನೆ ಕಳಿಸಿ. ಉತ್ತರ ಬರೆದ ರೀತಿಯಲ್ಲೇ ಆ ಮನೆಯ ಅರ್ಧ ವಿಷಯ ಗೊತ್ತಾಗುತ್ತದೆ. "ಎಲ್ಲಾ ಇದೆ, ಚಿಂತೆ ಬೇಡ" ಅಂದವರನ್ನು ನಾನು ಬಿಟ್ಟುಬಿಟ್ಟೆ. ಮೆಟ್ಟಿಲು ಎಣಿಸಿ ಫೋಟೊ ಕಳಿಸಿದವರ ಮನೆ ಹಿಡಿದೆ.

ನಾನು ಕೇಳಿದ್ದು ಇವು. ನೆಲಮಹಡಿಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಮಲಗುವ ಕೋಣೆ ಇದೆಯಾ? ಅದಕ್ಕೆ ಬಾತ್‌ರೂಮ್ ಅಂಟಿಕೊಂಡಿದೆಯಾ? ಬಾಲಿಯಲ್ಲಿ ಆಕಾಶ ಕಾಣುವ ಬಾತ್‌ರೂಮ್ ತುಂಬಾ ಇವೆ. ಫೋಟೊದಲ್ಲಿ ಚೆನ್ನ. ರಾತ್ರಿ ಎರಡು ಗಂಟೆಗೆ ಮಳೆ ಸುರಿಯುವಾಗ ಎಪ್ಪತ್ತು ವರ್ಷದವರು ಒದ್ದೆ ಕಲ್ಲಿನ ಮೇಲೆ ನಡೆದು ಹೋಗಬೇಕಾಗುತ್ತದೆ ಅನ್ನುವುದನ್ನು ನೆನಪಿಡಿ. ಕೂರುವ ಹಾಲ್ ಗೋಡೆಯಿಂದ ಮುಚ್ಚಿದ್ದಾ, ತೆರೆದದ್ದಾ? ತೆರೆದದ್ದಾದರೆ ಅಲ್ಲಿ ಎಸಿ ಇರುವುದಿಲ್ಲ, ಸಂಜೆಯಾದರೆ ಸೊಳ್ಳೆ. ಡೆಂಗಿ ಅಲ್ಲೂ ಇದೆ. ಮಲಗುವ ಕೋಣೆಗೆ ಸೊಳ್ಳೆ ಪರದೆ ಉಂಟಾ ಎಂದು ಕೇಳುವುದು ಅತಿಯಲ್ಲ.

ಬಾಗಿಲವರೆಗೆ ಕಾರು ಬರುತ್ತದಾ? ಇದನ್ನು ಕೇಳುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಅಲ್ಲಿ ಸಣ್ಣ ಓಣಿಗೆ ಗಾಂಗ್ ಅನ್ನುತ್ತಾರೆ. ಎಷ್ಟೋ ವಿಲ್ಲಾಗಳು ಸ್ಕೂಟರ್ ಮಾತ್ರ ಹೋಗುವಂಥ ಗಾಂಗ್ ಒಳಗಿರುತ್ತವೆ. ಸೂಟ್‌ಕೇಸು ಎಳೆದುಕೊಂಡು, ಅಜ್ಜಿಯನ್ನು ಕೈ ಹಿಡಿದು ನಡೆಸಿಕೊಂಡು ಹೋಗಬೇಕು.

ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದೆಯಾ? ಓನರ್ ಇಲ್ಲ ಅನ್ನಬಹುದು. ಅದಕ್ಕೇ ಹಿಂದೆ ತಂಗಿದ್ದವರು ಬರೆದ ಅನಿಸಿಕೆಗಳಲ್ಲಿ ಗದ್ದಲ, ಕಟ್ಟಡ, ಮೆಟ್ಟಿಲು, ಸೊಳ್ಳೆ, ನೀರು ಅನ್ನುವ ಪದಗಳನ್ನು ಹಾಕಿ ಹುಡುಕಿ. ಕಳೆದ ಮೂರು ನಾಲ್ಕು ತಿಂಗಳಲ್ಲಿ ಬರೆದದ್ದನ್ನೇ ಓದಿ, ಹಳೆಯದು ಬೇಡ. ಕರೆಂಟ್ ಬಗ್ಗೆಯೂ ಕೇಳಿ. ಅಲ್ಲಿನ ಮನೆಗಳಿಗೆ ಇಂತಿಷ್ಟೇ ವಿದ್ಯುತ್ ಎಂಬ ಮಿತಿ ಇರುತ್ತದೆ. ಮೂರು ಎಸಿ, ಗೀಸರ್ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುವ ಮನೆಗಳೂ ಇವೆ.

ಕೊನೆಯದಾಗಿ ಒಂದು ವಿಡಿಯೊ ಕರೆ ಮಾಡಿ. ಗೇಟಿನಿಂದ ಶುರುಮಾಡಿ ಹಿತ್ತಲವರೆಗೆ ನಡೆದು ತೋರಿಸಿ ಅನ್ನಿ. ಐದು ನಿಮಿಷದ ಕೆಲಸ. ಕದ್ದ ಫೋಟೊ ಹಾಕಿ ಮೋಸ ಮಾಡುವವರು ಈ ಮಾತಿಗೆ ಜಾರಿಕೊಳ್ಳುತ್ತಾರೆ.

ಈಜುಕೊಳ

ಇದನ್ನು ಬೇರೆಯಾಗಿಯೇ ಬರೆಯುತ್ತೇನೆ. ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ಓದದೆ ಬುಕ್ ಮಾಡಬೇಡಿ.

ಹೋಟೆಲಿನ ಕೊಳದ ಹತ್ತಿರ ಯಾರಾದರೂ ಸಿಬ್ಬಂದಿ ಓಡಾಡುತ್ತಿರುತ್ತಾರೆ. ವಿಲ್ಲಾದಲ್ಲಿ ಯಾರೂ ಇರುವುದಿಲ್ಲ, ನೀವೇ ಎಲ್ಲಾ. ಬಹಳಷ್ಟು ಕಡೆ ಕೊಳಕ್ಕೆ ಬೇಲಿಯೇ ಇಲ್ಲ. ಮಲಗುವ ಕೋಣೆಯ ಗಾಜಿನ ಬಾಗಿಲು ಜಾರಿಸಿದರೆ ನೇರ ನೀರು. ಮಕ್ಕಳು ಮುಳುಗುವಾಗ ಕೂಗುವುದಿಲ್ಲ, ನೀರು ಬಡಿಯುವುದೂ ಕಡಿಮೆ. ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಿದ್ದರೂ ಗೊತ್ತಾಗುವುದಿಲ್ಲ.

ಓನರ್‌ಗೆ ಮೂರು ವಿಷಯ ಕೇಳಿ. ಕೊಳದ ಆಳ ಎಲ್ಲಿ ಎಷ್ಟು? ಮಕ್ಕಳ ಕೋಣೆಯಿಂದ ಎಷ್ಟು ದೂರ? ತೆಗೆದು ಹಾಕುವ ಬೇಲಿ ಕೊಡಿಸುತ್ತೀರಾ? ಬಾಲಿಯಲ್ಲಿ ವಾರದ ಲೆಕ್ಕಕ್ಕೆ ಇಂಥ ಬೇಲಿ ಬಾಡಿಗೆಗೆ ಸಿಗುತ್ತದೆ. ನಾವು ಬರುವ ಮುಂಚೆಯೇ ಹಾಕಿಸಿರಬೇಕು ಎಂದು ಮೆಸೇಜಿನಲ್ಲಿ ಬರೆಸಿಕೊಂಡಿದ್ದೆವು.

ಬೇಲಿ ಇದ್ದರೂ ಕಾವಲು ಬೇಕು. ನಮ್ಮಲ್ಲಿ ಪಾಳಿ ಮಾಡಿಕೊಂಡೆವು. ಮಕ್ಕಳು ನೀರಿಗಿಳಿದಾಗ ಅರ್ಧ ಗಂಟೆ ಒಬ್ಬರು ದೊಡ್ಡವರು. ಫೋನ್ ಇಲ್ಲ, ಪುಸ್ತಕ ಇಲ್ಲ, ಹರಟೆ ಇಲ್ಲ. ಮುಗಿದ ಮೇಲೆ "ಭಾವ, ಈಗ ನೀವು" ಎಂದು ಬಾಯಿಬಿಟ್ಟು ಹೇಳಿ ಏಳಬೇಕು. ಹತ್ತು ಜನ ದೊಡ್ಡವರಿದ್ದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅಲ್ಲೇ ಅನಾಹುತ ಆಗುವುದು. ಆಟ ಮುಗಿದ ತಕ್ಷಣ ಬಲೂನು, ಚೆಂಡು ಎಲ್ಲ ನೀರಿನಿಂದ ತೆಗೆದಿಡಿ. ಅವು ತೇಲುತ್ತಿದ್ದರೆ ಮಗು ಎಟುಕಿಸಿಕೊಳ್ಳಲು ಹೋಗುತ್ತದೆ. ತೋಟದ ಬಾವಿಯಲ್ಲಿ ಈಜು ಕಲಿತ ದೊಡ್ಡ ಮಕ್ಕಳಿಗೂ ಸಮುದ್ರದಲ್ಲಿ ಆ ಧೈರ್ಯ ಬೇಡ. ಕೆಂಪು ಬಾವುಟ ಕಂಡರೆ ಕಾಲೂ ಇಡಬೇಡಿ.

ದುಡ್ಡಿನ ಲೆಕ್ಕ

ಅಲ್ಲಿನ ಹಣ ರುಪಿಯಾ. ಒಂದು ಲಕ್ಷ ರುಪಿಯಾ ಅಂದರೆ ನಮ್ಮ 500 ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಹೊರಡುವ ಮುಂಚೆ ಅವತ್ತಿನ ದರ ನೋಡಿಕೊಳ್ಳಿ.

ಬಾಡಿಗೆಯ ಪಕ್ಕ ಎರಡು ಕೂಡಿಸುವ ಗುರುತು (++) ಇದ್ದರೆ ಎಚ್ಚರ. ಸೇವಾ ಶುಲ್ಕ ಮತ್ತು ತೆರಿಗೆ ಬೇರೆ ಎಂದು ಅದರ ಅರ್ಥ. ಎರಡೂ ಸೇರಿ ಸಾಮಾನ್ಯವಾಗಿ ಶೇ 21 ಆಗುತ್ತದೆ. ರಾತ್ರಿಗೆ 30 ಲಕ್ಷ ರುಪಿಯಾ ಎಂದು ಬರೆದ ಮನೆ 36.3 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಆರು ರಾತ್ರಿಗೆ ಈ ವ್ಯತ್ಯಾಸವೇ ನಮ್ಮ ಸುಮಾರು 20 ಸಾವಿರ ರೂಪಾಯಿ. ಅದಕ್ಕೇ "ಎಲ್ಲಾ ಸೇರಿ ಒಟ್ಟು ಎಷ್ಟು" ಎಂದೇ ಕೇಳಿ. ದಿನಾ ಶುಚಿ ಮಾಡುವುದು, ಕುಡಿಯುವ ನೀರು, ಅಡುಗೆ ಗ್ಯಾಸು, ಕರೆಂಟು ಇವೆಲ್ಲ ಅದರಲ್ಲೇ ಸೇರಿದೆಯಾ ಎಂದೂ ಬರೆಸಿಕೊಳ್ಳಿ.

ಬುಕಿಂಗ್ ತಾಣದ ಹೊರಗೆ, ಓನರ್ ಖಾತೆಗೆ ನೇರ ಹಣ ಹಾಕಬೇಡಿ. ಸ್ವಲ್ಪ ಕಡಿಮೆ ಮಾಡುತ್ತೇವೆ ಅನ್ನುತ್ತಾರೆ. ಆಮೇಲೆ ತೊಂದರೆಯಾದರೆ ಕೇಳುವವರು ಯಾರೂ ಇಲ್ಲ. ರದ್ದು ಮಾಡಿದರೆ ಎಷ್ಟು ವಾಪಸ್ ಅನ್ನುವುದನ್ನು ದುಡ್ಡು ಕಟ್ಟುವ ಮುಂಚೆ ಓದಿ. ವಯಸ್ಸಾದವರ ಜೊತೆ ಹೊರಡುವಾಗ ಹದಿನೈದು ದಿನ ಮುಂಚೆ ಜ್ವರ ಬಂದರೂ ಎಲ್ಲ ನಿಲ್ಲುತ್ತದೆ. ಕಾರ್ಡಿನಲ್ಲಿ ಹೊರದೇಶದ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಚಾಲೂ ಮಾಡಬೇಕು. ಬಹಳ ಕಾರ್ಡುಗಳಲ್ಲಿ ಹಣ ಬದಲಾವಣೆಗೆಂದು ಶೇ 3.5ರವರೆಗೆ ಹಿಡಿಯುತ್ತಾರೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಸಂಸಾರಗಳ ನಡುವಿನ ಹಂಚಿಕೆ ಮೊದಲೇ ಆಗಲಿ. ನಾವು ಬಾಡಿಗೆಯನ್ನು ಕೋಣೆ ಲೆಕ್ಕದಲ್ಲಿ, ಊಟ ಮತ್ತು ಕಾರನ್ನು ತಲೆ ಲೆಕ್ಕದಲ್ಲಿ ಹಂಚಿಕೊಂಡೆವು. ಅಪ್ಪ ಅಮ್ಮನ ಪಾಲು ಅಕ್ಕ ಮತ್ತು ನಾನು ಹಾಕಿದೆವು. ಇದನ್ನು ನಮ್ಮನೆ ಕಟ್ಟೆ ಮೇಲೆ ಕೂತು ಮಾತಾಡಿ ಮುಗಿಸಿದ್ದರಿಂದ ಅಲ್ಲಿ ಒಂದು ದಿನವೂ ದುಡ್ಡಿನ ಮಾತು ಬರಲಿಲ್ಲ.

ಕಾಗದ ಪತ್ರ

ಪಾಸ್‌ಪೋರ್ಟಿಗೆ ಅಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಇರುತ್ತದೆ, ದೊಡ್ಡವರ ಹಾಗೆ ಹತ್ತಲ್ಲ. ಅದನ್ನೇ ಮೊದಲು ತೆಗೆದು ನೋಡಿ.

ಭಾರತೀಯರಿಗೆ ಇಳಿದ ಮೇಲೆ ವೀಸಾ ಸಿಗುತ್ತದೆ. ತಲೆಗೆ 5 ಲಕ್ಷ ರುಪಿಯಾ, 30 ದಿನಕ್ಕೆ. ಮಕ್ಕಳಿಗೂ ಅಷ್ಟೇ. ಆನ್‌ಲೈನಲ್ಲಿ ಮುಂಚೆಯೇ ಮಾಡಿಸಿದರೆ ಸಾಲಿನಲ್ಲಿ ನಿಲ್ಲುವುದು ಕಡಿಮೆ. ಇದಲ್ಲದೆ 2024ರ ಫೆಬ್ರುವರಿ 14ರಿಂದ ಬಾಲಿ ಸರ್ಕಾರ ಹೊರದೇಶದ ಪ್ರತಿಯೊಬ್ಬರಿಂದಲೂ 1.5 ಲಕ್ಷ ರುಪಿಯಾ ಪ್ರವಾಸಿ ಶುಲ್ಕ ತೆಗೆದುಕೊಳ್ಳುತ್ತಿದೆ. ಅದನ್ನು 'ಲವ್ ಬಾಲಿ' ತಾಣದಲ್ಲಿ ಕಟ್ಟಬಹುದು. ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ 'ಆಲ್ ಇಂಡೋನೇಷ್ಯಾ' ಎಂಬ ಆನ್‌ಲೈನ್ ಘೋಷಣಾ ಪತ್ರ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಈ ಹೆಸರುಗಳಲ್ಲಿ ನಕಲಿ ತಾಣಗಳಿವೆ. ವಿಳಾಸ 'ಗೋ ಡಾಟ್ ಐಡಿ' ಎಂದು ಮುಗಿದರೆ ಅದು ಇಂಡೋನೇಷ್ಯಾ ಸರ್ಕಾರದ್ದು.

ಪ್ರಯಾಣ ವಿಮೆ ಎಲ್ಲರಿಗೂ ಮಾಡಿಸಿ. ಅಪ್ಪ ಅಮ್ಮನಿಗೆ ಬಿಪಿ, ಸಕ್ಕರೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದಾಗ ದುಡ್ಡು ಬರುವುದಿಲ್ಲ.

ಹೊರಡುವುದು

ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಇದೆ, ಏಳು ಗಂಟೆ ಹತ್ತಿರದ ಪ್ರಯಾಣ. ಮಂಡಿ ನೋವಿನವರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ. ತುಮಕೂರಿನವರು ವಿಮಾನ ನಿಲ್ದಾಣಕ್ಕೆ ಬೆಂಗಳೂರಿನ ಒಳಗೆ ನುಗ್ಗಬೇಕಿಲ್ಲ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದರೆ ಗೊರಗುಂಟೆಪಾಳ್ಯದ ಟ್ರಾಫಿಕ್ ತಪ್ಪುತ್ತದೆ.

ಅಡುಗೆಮನೆ ಇರುವ ವಿಲ್ಲಾ ಹಿಡಿದದ್ದೇ ನಮ್ಮ ಊಟಕ್ಕಾಗಿ. ಹಾಗಂತ ಮನೆ ಸಾಮಾನೆಲ್ಲ ಹೊರಬೇಡಿ. ಮಾಂಸ, ಹಾಲಿನ ಪದಾರ್ಥ, ಬೀಜ, ಗಿಡ, ಹಸಿ ಹಣ್ಣು ತರಕಾರಿ ಒಯ್ದರೆ ತಪಾಸಣೆಯಲ್ಲಿ ತೊಂದರೆ. ನಾವು ಸಾರಿನ ಪುಡಿ, ಚಟ್ನಿಪುಡಿ, ಹುರಿಹಿಟ್ಟನ್ನು ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿ ಒಯ್ದು, ಘೋಷಣೆಯಲ್ಲಿ ಹೇಳಿದೆವು. ಒಂದು ಸಣ್ಣ ಕುಕ್ಕರ್ ಕೂಡ. ಒಲೆ ಗ್ಯಾಸಿನದಾ, ಇಂಡಕ್ಷನ್ನಾ ಎಂದು ಕೇಳಿಕೊಂಡೇ ಕುಕ್ಕರ್ ಆರಿಸಿ. ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆ ಮೇಲೆ ಬಿಸಿಯಾಗುವುದಿಲ್ಲ.

ಉಳಿದದ್ದೆಲ್ಲ ಅಲ್ಲೇ ಸಿಗುತ್ತದೆ. ತಿಪಟೂರಿನವರಿಗೂ ಖುಷಿಯಾಗುವಷ್ಟು ತೆಂಗಿನಕಾಯಿ, ಹುಣಸೆ, ಅಲಸಂದೆ ಕಾಯಿ, ಬದನೆ, ಬಾಳೆ. ಗುಲಾ ಮೆರಾ ಎಂಬ ಕಂದು ಬೆಲ್ಲ ಇದೆ. ಅಮ್ಮ ಅದರಲ್ಲೇ ಕಾಯಿಹಾಲು ಮಾಡಿದರು. ಸಸ್ಯಾಹಾರಿಗಳು ಹೊರಗೆ ತಿನ್ನುವಾಗ ತೆರಾಸಿ ಅನ್ನುವ ಪದ ನೆನಪಿಡಿ. ಅದು ಸಿಗಡಿ ಅರೆದು ಮಾಡಿದ್ದು, ಸಂಬಲ್ ಅನ್ನುವ ಅಲ್ಲಿನ ಚಟ್ನಿಗೆ ಹಾಕುತ್ತಾರೆ. ತರಕಾರಿ ಊಟ ಅಂದರೂ ಬರಬಹುದು. "ತನ್ಪಾ ತೆರಾಸಿ" ಅಂದರೆ ತೆರಾಸಿ ಇಲ್ಲದೆ. "ತನ್ಪಾ ದಾಗಿಂಗ್" ಅಂದರೆ ಮಾಂಸ ಇಲ್ಲದೆ, "ತನ್ಪಾ ತೆಲೂರ್" ಮೊಟ್ಟೆ ಇಲ್ಲದೆ.

ಅಲ್ಲಿ ಇರುವಾಗ

ಗಡಿಯಾರವನ್ನು ಎರಡೂವರೆ ಗಂಟೆ ಮುಂದೆ ಮಾಡಿ. ನಿಲ್ದಾಣಕ್ಕೆ ಗಾಡಿ ಕಳಿಸಲು ಓನರ್‌ಗೆ ಮೊದಲೇ ಹೇಳಿ. ಒಂಬತ್ತು ಜನ ಮತ್ತು ಚೀಲ ಅಂದರೆ ಹೈಏಸ್‌ನಂಥ ವ್ಯಾನೇ ಬೇಕು. ತಿರುಗಾಟಕ್ಕೂ ಡ್ರೈವರ್ ಸಮೇತ ಗಾಡಿಯನ್ನು ದಿನದ ಲೆಕ್ಕಕ್ಕೆ ಹಿಡಿಯಿರಿ. ಸ್ಕೂಟರ್ ಬಾಡಿಗೆ ಅಗ್ಗ. ಆದರೂ ಮಕ್ಕಳನ್ನು ಕೂರಿಸಿಕೊಂಡು ಆ ಟ್ರಾಫಿಕ್‌ನಲ್ಲಿ ಹೋಗಬೇಡಿ.

ಮನೆಗೆ ಕಾಲಿಟ್ಟ ತಕ್ಷಣ, ಚೀಲ ಬಿಚ್ಚುವ ಮುಂಚೆ, ಎಲ್ಲ ಕೋಣೆಯ ವಿಡಿಯೊ ಮಾಡಿ. ಒಡೆದ ಲೋಟ, ಗೋಡೆಯ ಕಲೆ, ಹರಿದ ಕುಶನ್ ಕಂಡರೆ ಆಗಲೇ ಓನರ್‌ಗೆ ಕಳಿಸಿ. ಪಾಸ್‌ಪೋರ್ಟ್ ಪ್ರತಿ ಕೇಳುತ್ತಾರೆ. ತಂಗಿದ ವಿದೇಶಿಯರ ವಿವರ ಕೊಡುವುದು ಅಲ್ಲಿನ ನಿಯಮ. ಪ್ರತಿ ಕೊಡಿ, ಮೂಲ ಬೇಡ. ನಲ್ಲಿ ನೀರು ಕುಡಿಯಬೇಡಿ. 19 ಲೀಟರ್ ಕ್ಯಾನ್ ಇಟ್ಟಿರುತ್ತಾರೆ, ಅಡುಗೆಗೂ ಅದನ್ನೇ ಬಳಸಿ.

ಬೆಳಗ್ಗೆ ಮನೆ ಕೆಲಸದವರು ಬಾಗಿಲ ಮುಂದೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು ಇಟ್ಟು ಊದುಬತ್ತಿ ಹಚ್ಚುತ್ತಾರೆ. ಚನಾಂಗ್ ಸಾರಿ ಎಂದು ಅದರ ಹೆಸರು. ನಮ್ಮ ಹೊಸಲ ಪೂಜೆಯಂತೆ. ನೆಲದ ಮೇಲಿರುತ್ತದೆ, ಮಕ್ಕಳು ತುಳಿಯದಂತೆ ನೋಡಿಕೊಳ್ಳಿ. ಎರಡನೇ ದಿನದಿಂದ ನಮ್ಮ ಅಮ್ಮನೇ ಎದ್ದು ಆ ಹೆಂಗಸಿನ ಜೊತೆ ಹೂವು ಜೋಡಿಸಲು ಕೂರುತ್ತಿದ್ದರು. ಇಬ್ಬರಿಗೂ ಭಾಷೆ ಬಾರದು, ಕೆಲಸ ಮಾತ್ರ ಗೊತ್ತಿತ್ತು. ದೇವಸ್ಥಾನಕ್ಕೆ ಹೋಗುವಾಗ ಸರೊಂಗ್ ಎಂಬ ಪಂಚೆ, ಸೊಂಟಕ್ಕೊಂದು ಪಟ್ಟಿ ಕಟ್ಟಬೇಕು. ಉಲುವಾಟು ದೇವಸ್ಥಾನದಲ್ಲಿ ಕೋತಿಗಳು ಕನ್ನಡಕ ಕಿತ್ತುಕೊಳ್ಳುತ್ತವೆ. ಹಿರಿಯರ ಕನ್ನಡಕ ತೆಗೆದು ಚೀಲದಲ್ಲಿಡಿ.

ಹೊರಡುವ ಹಿಂದಿನ ರಾತ್ರಿ ಓನರ್‌ಗೆ ಮೆಸೇಜ್ ಮಾಡಿ, ಬೆಳಗ್ಗೆ ಯಾರಾದರೂ ಬಂದು ನಮ್ಮ ಮುಂದೆಯೇ ಮನೆ ನೋಡಿಕೊಳ್ಳಲಿ ಎನ್ನಿ. ಡೆಪಾಸಿಟ್ ಕೊಟ್ಟಿದ್ದರೆ ಅದನ್ನು ಅಲ್ಲೇ, ಆಗಲೇ ವಾಪಸ್ ಪಡೆಯಿರಿ. ವಿಮಾನ ರಾತ್ರಿಯದಾದರೆ ಒಂದು ಕೋಣೆಯನ್ನು ಸಂಜೆವರೆಗೆ ಬಿಟ್ಟುಕೊಡುತ್ತೀರಾ ಎಂದು ಕೇಳಿ. ಬೇರೆ ಬುಕಿಂಗ್ ಇಲ್ಲದಿದ್ದರೆ ಎಷ್ಟೋ ಜನ ಒಪ್ಪುತ್ತಾರೆ. ನಮಗೆ ನೆಲಮಹಡಿಯ ಕೋಣೆಯನ್ನೇ ಬಿಟ್ಟುಕೊಟ್ಟರು. ಅಪ್ಪ ಮಧ್ಯಾಹ್ನ ಊಟ ಮಾಡಿ, ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಎರಡು ಗಂಟೆ ಮಲಗಿದರು.